ಹೆಲಿಕ್ಸ್ ಚುಚ್ಚಿಸಬೇಕು, ನೋವಿನ ಭಯ ಬಿಡುತ್ತಿಲ್ಲ. ಅನುಭವ ಇದ್ದವರು ಹೇಳುತ್ತೀರಾ?

ಮುಂಗುರುಳು:

ಎಲ್ಲರಿಗೂ ನಮಸ್ಕಾರ. ಕಿವಿಯ ಮೇಲಿನ ಅಂಚಿನಲ್ಲಿ, ಹೆಲಿಕ್ಸ್ ಅನ್ನುತ್ತಾರಲ್ಲ ಆ ಜಾಗದಲ್ಲಿ, ಒಂದು ಚಿಕ್ಕ ರಿಂಗ್ ಹಾಕಿಸಬೇಕು ಅಂತ ಮೂರು ವರ್ಷದಿಂದ ಆಸೆ. ಎರಡು ಸಲ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಎರಡೂ ಸಲ ಹಿಂದಿನ ರಾತ್ರಿ ಫೋನ್ ಮಾಡಿ ಬೇಡ ಅಂದೆ.

ಕಾರಣ ಇದೆ. ಹದಿನಾರನೇ ವಯಸ್ಸಿನಲ್ಲಿ ಕಿವಿಹಾಲೆಗೆ ಎರಡನೇ ತೂತು ಗನ್‌ನಲ್ಲಿ ಹೊಡೆಸಿಕೊಂಡಿದ್ದೆ. ಎಡಕಿವಿ ಸುಸೂತ್ರವಾಗಿ ಮುಗಿಯಿತು. ಬಲಕಿವಿಗೆ ಒತ್ತಿದಾಗ ಗನ್ ಅರ್ಧಕ್ಕೇ ಸಿಕ್ಕಿಕೊಂಡಿತು. ಅವರು ಅದನ್ನು ಅಲ್ಲಾಡಿಸಿ ಬಿಡಿಸುವಷ್ಟರಲ್ಲಿ ನನಗೆ ಕಣ್ಣು ಕತ್ತಲೆ ಬಂದು ಸ್ಟೂಲ್ ಮೇಲಿಂದ ಬಿದ್ದೆ. ಆ 'ಟಕ್' ಅನ್ನುವ ಸದ್ದು ಇವತ್ತಿಗೂ ಮರೆತಿಲ್ಲ.

ಮರಗಟ್ಟಿಸುವ ಕ್ರೀಮ್ ಹಚ್ಚಿಕೊಂಡು ಹೋದರೆ ನೋವು ಗೊತ್ತೇ ಆಗಲ್ವಾ? ಮೊದಲೇ ನೋವಿನ ಮಾತ್ರೆ ನುಂಗಿದರೆ? ಐಸ್ ಇಟ್ಟರೆ? ಮತ್ತೆ ತಲೆ ಸುತ್ತಿ ಬಿದ್ದರೆ ಏನು ಮಾಡೋದು? "ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ" ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಅದನ್ನು ಕೇಳಿ ಕೇಳಿ ಸಾಕಾಗಿದೆ.

ಎರಡನೇ ಬೆಂಚು:

ನನಗೆ ಎರಡು ಹೆಲಿಕ್ಸ್, ಒಂದು ಸೆಪ್ಟಮ್ (ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆ), ಒಂದು ನಾಲಿಗೆ ಇವೆ. ನೋವು ಆಗೇ ಆಗುತ್ತದೆ, ಸುಳ್ಳು ಹೇಳಲ್ಲ. ಆದರೆ ಎಷ್ಟು ಹೊತ್ತಿನ ನೋವು ಅನ್ನೋದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹೆಲಿಕ್ಸ್‌ನಲ್ಲಿ ಸೂಜಿ ಈ ಕಡೆಯಿಂದ ಆ ಕಡೆಗೆ ದಾಟಲು ಒಂದು ಸೆಕೆಂಡ್ ಸಾಕು. ಚುರ್ ಅನ್ನುತ್ತದೆ. ಒಳಗೆ ಸಣ್ಣಗೆ 'ಕರಕ್' ಅಂದ ಹಾಗೆ ಕೇಳಿಸುತ್ತದೆ. ಕಿವಿಯಲ್ಲೇ ನಡೆಯುವುದರಿಂದ ಆ ಸದ್ದು ಇರುವುದಕ್ಕಿಂತ ಜೋರು ಅನಿಸುತ್ತದೆ, ಗಾಬರಿಯಾಗಬೇಡಿ. ಆಮೇಲೆ ಓಲೆ ಕೂರಿಸುವಾಗ ಒಂದು ಎಳೆತ. ಅದಾದ ಮೇಲೆ ಕಿವಿ ಕೆಂಡದ ಹಾಗೆ ಬಿಸಿ. ನನಗೆ ಆ ಬಿಸಿ ರಾತ್ರಿ ಮಲಗುವವರೆಗೂ ಇತ್ತು.

ಸೆಪ್ಟಮ್ ಚುಚ್ಚಿಸಿದಾಗ ಕಣ್ಣಲ್ಲಿ ನೀರು ಬಳಬಳ ಸುರಿಯಿತು. ಅದು ಅಳು ಅಲ್ಲ. ಮೂಗಿನ ಒಳಗೆ ಚುಚ್ಚಿದರೆ ಕಣ್ಣೀರು ತಾನಾಗಿಯೇ ಬರುತ್ತದೆ, ಎಂಥ ಗಟ್ಟಿಗರಿಗೂ ಬರುತ್ತದೆ. ನಾಲಿಗೆ ತೀರಾ ಉಲ್ಟಾ. ಅದನ್ನು ನೆನೆದು ವಾರಗಟ್ಟಲೆ ನಿದ್ದೆ ಕೆಡಿಸಿಕೊಂಡಿದ್ದೆ. ಸೂಜಿ ಹೋದದ್ದು ಅಷ್ಟಾಗಿ ಗೊತ್ತೇ ಆಗಲಿಲ್ಲ. ಆದರೆ ಆಮೇಲೆ ನಾಲ್ಕು ದಿನ ನಾಲಿಗೆ ಊದಿಕೊಂಡು ಮಾತು ತೊದಲಿತು, ನುಂಗುವುದೇ ಕಷ್ಟ. ಚುಚ್ಚುವ ನೋವು ಬೇರೆ, ಆಮೇಲಿನ ನೋವು ಬೇರೆ. ಎರಡಕ್ಕೂ ಬೇರೆ ಬೇರೆ ತಯಾರಿ ಬೇಕು.

ತಿರುಪು:

ಹನ್ನೊಂದು ವರ್ಷದಿಂದ ಈ ಚುಚ್ಚುವ ಕೆಲಸವನ್ನೇ ಮಾಡುತ್ತಿದ್ದೇನೆ. ಮುಂಗುರುಳು ಅವರೇ, ನಿಮ್ಮ ಹಳೇ ಅನುಭವ ಓದಿ ಹೊಟ್ಟೆ ಚುರ್ ಅಂತು. ನಿಮ್ಮಂಥವರು ತಿಂಗಳಿಗೆ ನಾಲ್ಕೈದು ಜನ ನನ್ನ ಎದುರು ಬಂದು ಕೂರುತ್ತಾರೆ. ಅವರ ಮೈಗೆ ನೆನಪಿರೋದು ಗನ್.

ಗನ್‌ನೊಳಗೆ ಸೂಜಿ ಇರುವುದಿಲ್ಲ, ಓಲೆಯೇ ಇರುತ್ತದೆ. ಅದರ ತುದಿ ಮೊಂಡು. ಸ್ಪ್ರಿಂಗ್‌ನ ಬಲದಿಂದ ಅದನ್ನು ಚರ್ಮದೊಳಗೆ ದಬ್ಬುತ್ತಾರೆ. ಕಿವಿಹಾಲೆ ಮೆತ್ತಗಿರುವುದರಿಂದ ಹೇಗೋ ದಾರಿ ಬಿಡುತ್ತದೆ, ಅದೂ ನಿಮ್ಮ ಹಾಗೆ ಸಿಕ್ಕಿಕೊಳ್ಳದಿದ್ದರೆ. ಕಿವಿಯ ಮೇಲ್ಭಾಗದಲ್ಲಿರುವ ಕಾರ್ಟಿಲೇಜ್, ಅಂದರೆ ಮೆದು ಮೂಳೆ, ಹಾಗೆ ಬಿಡುವುದಿಲ್ಲ. ಜಜ್ಜಿಹೋಗುತ್ತದೆ, ಕೆಲವೊಮ್ಮೆ ಸೀಳುತ್ತದೆ. ಇನ್ನೊಂದು ವಿಷಯ. ಪ್ಲಾಸ್ಟಿಕ್ ಗನ್ ಅನ್ನು ಆಟೋಕ್ಲೇವ್‌ನಲ್ಲಿ, ಅಂದರೆ ಬಿಸಿ ಹಬೆಯಿಂದ ರೋಗಾಣು ಕೊಲ್ಲುವ ಯಂತ್ರದಲ್ಲಿ, ಹಾಕುವ ಹಾಗಿಲ್ಲ. 121 ಡಿಗ್ರಿ ಹಬೆಗೆ ಅದು ಕರಗಿಹೋಗುತ್ತದೆ. ಮೇಲೆ ಮೇಲೆ ಒರೆಸಿ ಮುಂದಿನವರ ಕಿವಿಗೆ ಹಿಡಿಯುತ್ತಾರೆ. ಹೆಲಿಕ್ಸ್‌ಗೆ ಗನ್ ತೆಗೆದರೆ ಎದ್ದು ಬಂದುಬಿಡಿ. ಇದರಲ್ಲಿ ನಾನು ಯಾವ ರಾಜಿಗೂ ತಯಾರಿಲ್ಲ.

ನಾವು ಬಳಸುವುದು ಟೊಳ್ಳು ಸೂಜಿ. ತುದಿ ಓರೆಯಾಗಿ ಕತ್ತರಿಸಿರುತ್ತದೆ, ತುಂಬಾ ಹರಿತ. ಒಬ್ಬರಿಗೆ ಒಂದೇ ಸೂಜಿ, ಪ್ಯಾಕೆಟ್ ನಿಮ್ಮ ಎದುರೇ ಹರಿಯಬೇಕು. ಹೆಲಿಕ್ಸ್‌ಗೆ ಸಾಮಾನ್ಯವಾಗಿ 16 ಗೇಜ್, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪ. ಗೇಜ್ ಸಂಖ್ಯೆ ಏರಿದಷ್ಟೂ ಸೂಜಿ ಸಣ್ಣದು. 18 ಗೇಜ್ 1 ಮಿಲಿಮೀಟರ್, 14 ಗೇಜ್ 1.6. "ಸಣ್ಣ ಸೂಜಿ ಹಾಕಿ, ನೋವು ಕಡಿಮೆ ಆಗಲಿ" ಅಂತ ತುಂಬಾ ಜನ ಕೇಳುತ್ತಾರೆ. ಚುಚ್ಚುವಾಗ ವ್ಯತ್ಯಾಸ ಅಷ್ಟಾಗಿ ತಿಳಿಯೋದೇ ಇಲ್ಲ. ಆದರೆ ಓಲೆಯ ಕಡ್ಡಿ ತೀರಾ ತೆಳುವಾದದ್ದು ಹಾಕಿದರೆ ಎಳೆದಾಗ ಅದು ಮಾಂಸವನ್ನು ಕೊಯ್ಯುವ ಹಾಗೆ ಆಗುತ್ತದೆ. ಮುಂದಿನ ತಿಂಗಳುಗಳ ನೋವು ಜಾಸ್ತಿಯಾಗುತ್ತದೆ.

ಕ್ರೀಮ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಹೆಲಿಕ್ಸ್‌ಗೆ ಬೇಡ. ಮೆದು ಮೂಳೆಗೆ ಸ್ವಂತ ನರ ಇಲ್ಲ, ರಕ್ತನಾಳವೂ ಇಲ್ಲ. ನೋಯುವುದು ಅದನ್ನು ಸುತ್ತಿಕೊಂಡಿರುವ ಪೊರೆ ಮತ್ತು ಎರಡೂ ಬದಿಯ ಚರ್ಮ. ಕ್ರೀಮ್ ಹಚ್ಚಿದ ಬದಿಯ ಚರ್ಮ ಜೋಮು ಹಿಡಿಯಬಹುದು, ಆದರೆ ಸೂಜಿ ಹೊರಗೆ ಬರುವ ಬದಿಗೂ ಒಳಗಿನ ಪೊರೆಗೂ ಅಷ್ಟೇ ಚೆನ್ನಾಗಿ ತಟ್ಟುತ್ತದೆ ಅನ್ನುವ ಹಾಗಿಲ್ಲ. ಅದರ ಜೊತೆಗೆ ಚರ್ಮ ಬಿಳಿಚಿ ಉಬ್ಬುತ್ತದೆ, ಜಾರುತ್ತದೆ. ನಾನು ಪೆನ್ನಿನಲ್ಲಿ ಹಾಕಿದ ಗುರುತು ಕೂರುವುದಿಲ್ಲ. ಒಂದು ಸೆಕೆಂಡಿನ ನೋವು ತಪ್ಪಿಸಲು ಹೋಗಿ ಓರೆ ತೂತು ಬಿದ್ದರೆ ವರ್ಷವಿಡೀ ಅನುಭವಿಸಬೇಕು.

ಐಸ್ ಕೂಡ ಚುಚ್ಚುವ ಮೊದಲು ಬೇಡ. ತಣ್ಣಗಾದ ಚರ್ಮ ಗಡುಸಾಗುತ್ತದೆ, ಸೂಜಿಗೆ ಜಾಸ್ತಿ ಬಲ ಹಾಕಬೇಕಾಗುತ್ತದೆ.

ಇಬ್ಬನಿ:

ತಿರುಪು ಅಣ್ಣ, ನಿಮ್ಮ ಅನುಭವಕ್ಕೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಕ್ರೀಮ್ ಬೇಡವೇ ಬೇಡ ಅನ್ನುವುದನ್ನು ನಾನು ಒಪ್ಪಲ್ಲ. ನನಗೆ ಸೂಜಿ ಅಂದರೆ ಎಷ್ಟು ಭಯ ಅಂದರೆ ರಕ್ತ ಪರೀಕ್ಷೆ ಇದ್ದರೆ ಹಿಂದಿನ ವಾರದಿಂದಲೇ ಊಟ ಸೇರುವುದಿಲ್ಲ. ಹೊಕ್ಕುಳು ಚುಚ್ಚಿಸಿದಾಗ ಚುಚ್ಚುವವರಿಗೆ ಮೊದಲೇ ಹೇಳಿ, ಡಾಕ್ಟರನ್ನೂ ಕೇಳಿ ಕ್ರೀಮ್ ಹಚ್ಚಿಕೊಂಡೆ. ಒಂದು ಗಂಟೆ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿಟ್ಟುಕೊಂಡಿದ್ದೆ. ಅವರು ಪೂರ್ತಿ ಒರೆಸಿ, ತೊಳೆದು, ಚರ್ಮ ಒಣಗಿದ ಮೇಲೆ ಗುರುತು ಹಾಕಿದರು. ಚುರುಕು ಬಹಳ ಕಡಿಮೆ ಇತ್ತು. ಒಳಗೆ ಏನೋ ತಳ್ಳಿದ ಹಾಗೆ ಒತ್ತಡ ಮಾತ್ರ ಗೊತ್ತಾಯಿತು. ಕ್ರೀಮ್ ಇಲ್ಲದಿದ್ದರೆ ನಾನು ಆ ಬಾಗಿಲು ದಾಟುತ್ತಲೇ ಇರಲಿಲ್ಲ. ಧೈರ್ಯ ಕೊಟ್ಟಿದ್ದೇ ಅದು.

ತಿರುಪು:

ಇಬ್ಬನಿ, ನೀವು ಚುಚ್ಚುವವರಿಗೆ ಮೊದಲೇ ಹೇಳಿದಿರಿ, ಡಾಕ್ಟರನ್ನು ಕೇಳಿದಿರಿ. ನೂರಕ್ಕೆ ತೊಂಬತ್ತು ಜನ ಹಾಗೆ ಮಾಡಲ್ಲ. ಮನೆಯಲ್ಲೇ ದಪ್ಪಗೆ ಬಳಿದುಕೊಂಡು ಬಂದು ಕುರ್ಚಿಯಲ್ಲಿ ಕೂತ ಮೇಲೆ ಹೇಳುತ್ತಾರೆ. ಹೊಕ್ಕುಳಿನ ಚರ್ಮದ ಮಡಿಕೆಯಲ್ಲಿ ಮೂಳೆ ಗೀಳೆ ಏನೂ ಅಡ್ಡ ಇಲ್ಲ, ಅಲ್ಲಿ ಕ್ರೀಮ್ ಕೆಲಸ ಮಾಡಿತು ಅಂದರೆ ನಂಬುತ್ತೇನೆ. ಹೆಲಿಕ್ಸ್ ವಿಷಯದಲ್ಲಿ ನನ್ನ ಮಾತು ಬದಲಾಗಲ್ಲ.

ನೈಟ್‌ಶಿಫ್ಟ್:

ನಾನು ನರ್ಸ್. ಕ್ರೀಮ್ ವಿಷಯಕ್ಕೆ ಸ್ವಲ್ಪ ಸೇರಿಸುತ್ತೇನೆ, ಯಾಕೆಂದರೆ ಇದನ್ನು ಓದುವವರಲ್ಲಿ ಯಾರಾದರೂ ಇವತ್ತೇ ತರಿಸಿಕೊಳ್ಳಬಹುದು.

ಎಮ್ಲಾ ಥರದ ಕ್ರೀಮ್‌ನಲ್ಲಿ ಮರಗಟ್ಟಿಸುವ ಎರಡು ಔಷಧ, ಲಿಡೋಕೇನ್ 2.5 ಶೇಕಡಾ, ಪ್ರಿಲೋಕೇನ್ 2.5 ಶೇಕಡಾ ಇರುತ್ತದೆ. ಒಂದು ಗಂಟೆ ಮುಚ್ಚಿಟ್ಟರೆ ಸುಮಾರು 3 ಮಿಲಿಮೀಟರ್ ಆಳಕ್ಕೆ, ಎರಡು ಗಂಟೆ ಇಟ್ಟರೆ ಸುಮಾರು 5 ಮಿಲಿಮೀಟರ್‌ಗೆ ಜೋಮು ಇಳಿಯುತ್ತದೆ. ಹಚ್ಚಿ ಹತ್ತು ನಿಮಿಷಕ್ಕೆ ಓಡಿದರೆ ಏನೂ ಪ್ರಯೋಜನ ಇಲ್ಲ. ಗಾಯ ಇಲ್ಲದ ಚರ್ಮಕ್ಕೆ ಮಾತ್ರ ಹಚ್ಚಬೇಕು. ಚುಚ್ಚಿದ ಮೇಲೆ ಆ ತೂತಿಗೆ ಹಚ್ಚಲೇಬಾರದು. ಕೆಲವರ ರಕ್ತಕ್ಕೆ ಪ್ರಿಲೋಕೇನ್ ಆಗಿಬರುವುದಿಲ್ಲ, ಆಮ್ಲಜನಕ ಒಯ್ಯುವ ಶಕ್ತಿ ಕುಗ್ಗುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ಜಾಸ್ತಿ ಪವರ್‌ನ ಕ್ರೀಮ್‌ಗಳಿಂದ ದೂರ ಇರಿ. 2024ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥವುಗಳ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು. ಡಾಕ್ಟರ ಚೀಟಿ ಇಲ್ಲದೆ ಮಾರುವ ಕ್ರೀಮ್‌ಗಳಲ್ಲಿ ಲಿಡೋಕೇನ್ 4 ಶೇಕಡಾ ಮೀರಬಾರದು, ಮೀರಿದ್ದನ್ನು ಬಳಸಿದರೆ ಎದೆಬಡಿತ ಏರುಪೇರಾಗಬಹುದು, ಫಿಟ್ಸ್ ಬರಬಹುದು ಅಂತ. ದೊಡ್ಡ ಜಾಗಕ್ಕೆ ದಪ್ಪಗೆ ಹಚ್ಚಿ ಪ್ಲಾಸ್ಟಿಕ್ ಸುತ್ತಿಕೊಳ್ಳುವುದು ಇದರಲ್ಲಿ ಅತಿ ಅಪಾಯದ ಕೆಲಸ.

ಈಗ ಮುಂಗುರುಳು ಕೇಳಿದ ಮುಖ್ಯ ಪ್ರಶ್ನೆ, ತಲೆ ಸುತ್ತಿ ಬೀಳುವುದು. ಇದನ್ನು ದಯವಿಟ್ಟು ಮನಸ್ಸಿಟ್ಟು ಓದಿ. ನೀವು ಬಿದ್ದದ್ದು ಹೇಡಿತನದಿಂದಲ್ಲ. ಸೂಜಿ, ರಕ್ತದ ಭಯ ಇರುವವರಲ್ಲಿ ಮೊದಲು ಎದೆ ಡವಗುಟ್ಟಿ ರಕ್ತದೊತ್ತಡ ಏರುತ್ತದೆ, ಆಮೇಲೆ ದಢಕ್ಕನೆ ಇಳಿಯುತ್ತದೆ. ಮೆದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬರುತ್ತದೆ. ಬೇರೆ ಭಯಗಳಲ್ಲಿ ಹೀಗೆ ಎಚ್ಚರ ತಪ್ಪುವುದು ಅಪರೂಪ. ಎತ್ತರ ಕಂಡರೆ ಹೆದರುವವರು ನಡುಗುತ್ತಾರೆ, ಆದರೆ ಸಾಮಾನ್ಯವಾಗಿ ಕುಸಿದು ಬೀಳುವುದಿಲ್ಲ.

ಇದಕ್ಕೆ ಒಂದು ಉಪಾಯ ಇದೆ. ಸ್ವೀಡನ್‌ನ ಮನಶ್ಶಾಸ್ತ್ರಜ್ಞ ಲಾರ್ಸ್ ಯೋರಾನ್ ಓಸ್ಟ್ 1980ರ ದಶಕದಲ್ಲಿ ಬಳಕೆಗೆ ತಂದದ್ದು. ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು ಒಟ್ಟಿಗೆ ಬಿಗಿ ಹಿಡಿಯಬೇಕು. ಮುಖ ಬೆಚ್ಚಗಾಗುವವರೆಗೆ, ಹತ್ತರಿಂದ ಹದಿನೈದು ಸೆಕೆಂಡ್. ಆಮೇಲೆ ಸಡಿಲ ಬಿಡಿ, ಪೂರ್ತಿ ಮೆತ್ತಗೆ ಆಗಬೇಡಿ, ಮೊದಲಿದ್ದ ಸ್ಥಿತಿಗೆ ಬನ್ನಿ. ಇಪ್ಪತ್ತು ಮೂವತ್ತು ಸೆಕೆಂಡ್ ಬಿಟ್ಟು ಮತ್ತೆ. ಹೀಗೆ ಐದು ಸಲ. ಇವತ್ತಿನಿಂದಲೇ ದಿನಕ್ಕೆ ಮೂರ್ನಾಲ್ಕು ಹೊತ್ತು ಅಭ್ಯಾಸ ಮಾಡಿ, ಒಂದು ವಾರ. ಅವತ್ತು ಕುರ್ಚಿಯಲ್ಲಿ ಕೈ ತಣ್ಣಗಾಗಿ ಬೆವರು ಬಂದ ಕೂಡಲೇ ಶುರು ಮಾಡಿ. ನನ್ನ ವಾರ್ಡಿನಲ್ಲಿ ಸೂಜಿ ಕಂಡರೆ ಕುಸಿಯುತ್ತಿದ್ದ ಒಬ್ಬ ಹುಡುಗನಿಗೆ ಇದನ್ನು ಹೇಳಿಕೊಟ್ಟಿದ್ದೆ. ಮೂರನೇ ಸಲ ಅವನು ಎದ್ದು ನಡೆದುಕೊಂಡು ಹೋದ.

ಎಲ್ಲಕ್ಕಿಂತ ಸುಲಭದ್ದು ಇನ್ನೊಂದಿದೆ. ಮಲಗಿಕೊಂಡು ಚುಚ್ಚಿಸಿಕೊಳ್ಳಿ. ಸ್ಟೂಲ್ ಮೇಲೆ ಕೂರಲೇಬೇಡಿ. ಹಸಿದು ಹೋಗಬೇಡಿ, ಊಟವಾಗಿ ಒಂದೆರಡು ಗಂಟೆಯೊಳಗೆ ಹೋಗಿ. ಮದ್ಯ ಹಿಂದಿನ ದಿನದಿಂದಲೇ ಬೇಡ.

ಹೊಸ ಚಪ್ಪಲಿ:

ನೈಟ್‌ಶಿಫ್ಟ್ ಅಕ್ಕ, ಮಾತ್ರೆ ಬಗ್ಗೆ ಹೇಳಿ. ನನ್ನ ಗೆಳತಿ ಆಸ್ಪಿರಿನ್ ನುಂಗಿ ಹೋಗಿ ಒಂದು ಗಂಟೆ ರಕ್ತ ಒಸರುತ್ತಿತ್ತು.

ನೈಟ್‌ಶಿಫ್ಟ್:

ಆಸ್ಪಿರಿನ್ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಒಂದು ಮಾತ್ರೆಯ ಪರಿಣಾಮ ವಾರದಷ್ಟು ಕಾಲ ಉಳಿಯುತ್ತದೆ, ಏಕೆಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಆ ಪ್ಲೇಟ್‌ಲೆಟ್‌ಗಳು ಸತ್ತು ಹೊಸವು ಹುಟ್ಟಬೇಕು. ಆದರೆ ಹೃದಯಕ್ಕೋ ಇನ್ನೊಂದಕ್ಕೋ ಡಾಕ್ಟರು ಬರೆದುಕೊಟ್ಟಿದ್ದರೆ ಚುಚ್ಚಿಸಿಕೊಳ್ಳಲು ಅಂತ ಅದನ್ನು ನಿಲ್ಲಿಸಬೇಡಿ. ಅವರನ್ನೇ ಕೇಳಿ.

ಪ್ಯಾರಾಸಿಟಮಾಲ್ ರಕ್ತಕ್ಕೆ ತೊಂದರೆ ಕೊಡುವುದಿಲ್ಲ. ಆದರೆ ಸೂಜಿಯ ಆ ಚುರುಕನ್ನು ಅದು ತಡೆಯುತ್ತದೆ ಅಂದುಕೊಳ್ಳಬೇಡಿ. ಕಾಲ್ಬೆರಳು ಎಡವಿದ್ದು ನೆನಪಿಸಿಕೊಳ್ಳಿ. ಮೊದಲು ಚುರ್ ಅನ್ನುತ್ತದೆ. ಒಂದು ಕ್ಷಣ ಬಿಟ್ಟು ಉರಿ, ಸಿಡಿತ ಏರಿ ಬರುತ್ತದೆ. ಎರಡೂ ಬೇರೆ ಬೇರೆ ನರದ ಎಳೆಗಳಲ್ಲಿ ಬರುತ್ತವೆ. ಚುರುಕು ತರುವ ಎಳೆ ಸೆಕೆಂಡಿಗೆ ಐದರಿಂದ ಮೂವತ್ತು ಮೀಟರ್ ವೇಗದ್ದು. ಉರಿ ತರುವುದು ನಿಧಾನ, ಸೆಕೆಂಡಿಗೆ ಎರಡು ಮೀಟರ್‌ಗೂ ಕಡಿಮೆ. ಮಾತ್ರೆ ಕೆಲಸಕ್ಕೆ ಬರುವುದು ಈ ಎರಡನೇ ನೋವಿಗೆ, ಅಂದರೆ ಸಂಜೆ ಸಿಡಿಯುತ್ತದಲ್ಲ ಅದಕ್ಕೆ. ದೊಡ್ಡವರಿಗೆ ಇಡೀ ದಿನಕ್ಕೆ ಒಟ್ಟು 4 ಗ್ರಾಂ ಮೀರಬಾರದು. ಲಿವರ್ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಕಿಟಕಿ ಪಕ್ಕ:

ನನಗೆ ಐವತ್ನಾಲ್ಕು ವರ್ಷ. ಹೋದ ವರ್ಷ ಕಿವಿಹಾಲೆಗೆ ಎರಡನೇ ತೂತು, ಈ ವರ್ಷ ಮೂಗಿನ ಹೊಳ್ಳೆ. ಮುಂಗುರುಳು, ನಿನ್ನನ್ನು ನೀನು ಅಂತಲೇ ಕರೆಯುತ್ತೇನಮ್ಮ, ನನ್ನ ಮಗಳ ವಯಸ್ಸಿನವಳಿರಬೇಕು.

ನನಗೆ ನೋವಿಗಿಂತ ಕಾಯುವುದು ಕಷ್ಟ. ಹೊರಗೆ ಬೆಂಚಿನ ಮೇಲೆ ಇಪ್ಪತ್ತು ನಿಮಿಷ ಕೂತಾಗ ಜೀವ ಬಾಯಿಗೆ ಬಂದಿತ್ತು. ಎರಡನೇ ಸಲ ಫೋನ್ ಮಾಡಿ ದಿನದ ಮೊದಲ ಹೊತ್ತನ್ನೇ ಕೇಳಿ ತೆಗೆದುಕೊಂಡೆ. ಹೋದ ತಕ್ಷಣ ಒಳಗೆ ಕರೆದರು. ಅಷ್ಟರಿಂದಲೇ ಅರ್ಧ ಭಯ ಇಳಿಯಿತು. ಇನ್ನೊಂದು, ಒಳಗೆ ಹೋದ ಕೂಡಲೇ ಹೇಳಿಬಿಟ್ಟೆ, "ನನಗೆ ಭಯ ಇದೆ, ಒಂದೊಂದೂ ಮಾಡುವ ಮುಂಚೆ ಹೇಳಿ ಮಾಡಿ" ಅಂತ. ಆ ಹುಡುಗಿ ಪ್ರತಿಯೊಂದನ್ನೂ ಹೇಳಿದಳು. ಈಗ ಒರೆಸುತ್ತೇನೆ, ತಣ್ಣಗಿರುತ್ತದೆ. ಈಗ ಗುರುತು ಹಾಕುತ್ತೇನೆ. ಈಗ ಬರೀ ಮುಟ್ಟುತ್ತೇನೆ, ಚುಚ್ಚಲ್ಲ. ಕೆಲವರಿಗೆ ಏನೂ ಹೇಳದೆ ಮಾಡಿದರೆ ಒಳ್ಳೆಯದಂತೆ. ನೀನು ಯಾವ ಥರದವಳು ಅನ್ನೋದನ್ನು ಮೊದಲು ಯೋಚಿಸಿ, ಅವರಿಗೆ ಬಾಯಿಬಿಟ್ಟು ಹೇಳು.

ಮುಂಗುರುಳು:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಕಿಟಕಿ ಪಕ್ಕ ಅಮ್ಮ, ನಾನು ಹೇಳಿಸಿಕೊಳ್ಳುವ ಥರದವಳು. ಅವತ್ತು ಗನ್ ಹಿಡಿದವರು ಮಾತೇ ಆಡಿರಲಿಲ್ಲ. ನೈಟ್‌ಶಿಫ್ಟ್ ಅಕ್ಕ, ಬಿಗಿ ಹಿಡಿಯುವುದನ್ನು ಈಗಷ್ಟೇ ಮಾಡಿ ನೋಡಿದೆ. ನಾಲ್ಕನೇ ಸಲಕ್ಕೆ ಕೆನ್ನೆ ನಿಜವಾಗಿಯೂ ಬಿಸಿಯಾಯಿತು.

ತಿರುಪು ಅಣ್ಣ, ಚುಚ್ಚುವ ಆ ಕ್ಷಣದಲ್ಲಿ ನಾನು ಏನು ಮಾಡಬೇಕು? ಕೆಮ್ಮಿದರೆ ನೋವು ಗೊತ್ತಾಗಲ್ಲ ಅಂತ ಎಲ್ಲೋ ಓದಿದ್ದೆ.

ತಿರುಪು:

ಕೆಮ್ಮಬೇಡಿ! ರಕ್ತ ತೆಗೆಯುವಾಗ ಆ ಉಪಾಯ ಸರಿ ಇರಬಹುದು. ಇಲ್ಲಿ ಸೂಜಿ ಅರ್ಧ ದಾಟಿರುವಾಗ ತಲೆ ಅಲ್ಲಾಡಿದರೆ ನನ್ನ ಕೋನವೇ ಹೋಗುತ್ತದೆ. ಹಲ್ಲು ಕಚ್ಚಿಕೊಳ್ಳುವುದೂ ಬೇಡ. ಬೆರಳು ಕಿವಿಯ ಮುಂದೆ ಇಟ್ಟು ದವಡೆ ಬಿಗಿ ಮಾಡಿ ನೋಡಿ, ಆ ಜಾಗ ಹೇಗೆ ಅಲುಗುತ್ತದೆ ಅಂತ ಗೊತ್ತಾಗುತ್ತದೆ. ಬಾಯಿ ಸ್ವಲ್ಪ ತೆರೆದಿರಲಿ, ನಾಲಿಗೆ ಸಡಿಲ ಇರಲಿ.

ಉಸಿರು ಮಾತ್ರ ನಂಬಿ. ನಾನು ಹೀಗೆ ಮಾಡಿಸುತ್ತೇನೆ. ಮೂಗಿನಿಂದ ನಿಧಾನಕ್ಕೆ ಎಳೆದುಕೊಳ್ಳಿ. ಬಾಯಿಂದ ಬಿಡಿ, ಬಿಸಿ ಏನನ್ನೋ ಆರಿಸುವ ಹಾಗೆ, ಉದ್ದಕ್ಕೆ. ಮೂರನೇ ಸಲ ಬಿಡುವಾಗ ಸೂಜಿ ಹೋಗುತ್ತದೆ. ಉಸಿರು ಬಿಡುವಾಗ ಭುಜ ತಾನಾಗಿ ಇಳಿಯುತ್ತದೆ. ಉಸಿರು ಹಿಡಿದವರ ಮೈ ಪೂರ್ತಿ ಸೆಟೆದಿರುತ್ತದೆ, ಅವರಿಗೆ ಅದೇ ಸೂಜಿ ಎರಡು ಪಟ್ಟು ನೋವು ಕೊಟ್ಟಂತೆ ಅನಿಸುತ್ತದೆ. ಒಂದು, ಎರಡು, ಮೂರು ಅಂತ ನಾನು ಎಣಿಸುವುದಿಲ್ಲ. ಎಣಿಸಿದರೆ ಎರಡಕ್ಕೇ ಎಲ್ಲರೂ ಸೆಟೆದುಕೊಳ್ಳುತ್ತಾರೆ.

ಕೈಗೆ ಏನಾದರೂ ಕೆಲಸ ಕೊಡಿ. ಹೆಬ್ಬೆರಳಿನಿಂದ ಬೇರೆ ಬೆರಳುಗಳನ್ನು ಒಂದೊಂದಾಗಿ ಉಜ್ಜುತ್ತಿರಿ.

ಓಲೆ ಕೂರಿಸುವ ಹೊತ್ತಿನ ನೋವಿನ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಸೂಜಿಯ ಹಿಂದೆಯೇ ಕಡ್ಡಿಯನ್ನು ತಳ್ಳಿ ಒಳಗೆ ಸೇರಿಸುತ್ತೇವೆ. ಕಡ್ಡಿಯ ಹೊರಮೈಯಲ್ಲೇ ತಿರುಪಿನ ಗೆರೆ ಇದ್ದರೆ ಅದು ಹಸಿ ಗಾಯವನ್ನು ಗರಗಸದ ಹಾಗೆ ಉಜ್ಜಿಕೊಂಡು ಹೋಗುತ್ತದೆ. ತಿರುಪು ಒಳಮೈಯಲ್ಲಿರುವ ಅಥವಾ ತಿರುಪೇ ಇಲ್ಲದ ನುಣ್ಣನೆಯ ಕಡ್ಡಿ ಕೇಳಿ. ಲೋಹ ಇಂಪ್ಲಾಂಟ್ ದರ್ಜೆಯ (ದೇಹದೊಳಗೆ ಇಡಲು ತಕ್ಕ) ಟೈಟಾನಿಯಂ ಇರಲಿ, ಅದರ ಗುಣಮಟ್ಟದ ಗುರುತು ಎಎಸ್‌ಟಿಎಂ ಎಫ್136 ಅಂತ ಇರುತ್ತದೆ. ನಿಕ್ಕಲ್ ಇರುವ ಅಗ್ಗದ ಲೋಹ ಕೆಲವರಿಗೆ ತುರಿಕೆ, ಉರಿ ಶುರು ಮಾಡಿಸುತ್ತದೆ. ಆಗ ಅದು ಚುಚ್ಚಿದ ನೋವೋ ಲೋಹದ ಅಲರ್ಜಿಯೋ ಅಂತ ತಿಳಿಯುವುದೇ ಇಲ್ಲ.

ನಿಮಗೆ ಬೇಸರ ಆಗಬಹುದು, ಆದರೂ ಹೇಳುತ್ತೇನೆ. ಮೊದಲೇ ರಿಂಗ್ ಬೇಡ. ರಿಂಗ್ ಸುತ್ತುತ್ತಲೇ ಇರುತ್ತದೆ, ಗಾಯ ಆರಲು ಬಿಡುವುದಿಲ್ಲ. ಹಿಂದೆ ಚಪ್ಪಟೆ ಇರುವ ನೇರ ಕಡ್ಡಿ ಹಾಕಿಸಿ. ಪೂರ್ತಿ ಗುಣವಾದ ಮೇಲೆ ರಿಂಗ್ ಹಾಕೋಣ. ಮೂರು ವರ್ಷ ಕಾದಿದ್ದೀರಿ, ಇನ್ನು ಕೆಲವು ತಿಂಗಳು.

ಎರಡನೇ ಬೆಂಚು:

ಬೈಯುವುದರ ಬಗ್ಗೆ ಹೇಳಲೇ? ಇಂಗ್ಲೆಂಡ್‌ನ ಕೀಲ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸ್ಟೀಫನ್ಸ್ ಮತ್ತು ಜೊತೆಗಾರರು 2009ರಲ್ಲಿ ಇದನ್ನು ಪರೀಕ್ಷಿಸಿದ್ದರು. ಕೊರೆಯುವ ತಣ್ಣೀರಿನಲ್ಲಿ ಕೈ ಇಟ್ಟುಕೊಂಡು ಬೈಗುಳ ಹೇಳುತ್ತಿದ್ದವರು, ಸಾದಾ ಪದ ಹೇಳುತ್ತಿದ್ದವರಿಗಿಂತ ಜಾಸ್ತಿ ಹೊತ್ತು ತಡೆದುಕೊಂಡರು. ನಾನು ಎರಡನೇ ಹೆಲಿಕ್ಸ್‌ಗೆ ಮಾಡಿದ್ದೆ, ಚೆನ್ನಾಗಿ ಕೆಲಸ ಮಾಡಿತು. ಆದರೆ ತಿರುಪು ಅಣ್ಣ ಹೇಳಿದ ದವಡೆಯ ವಿಷಯ ಓದಿದ ಮೇಲೆ ಅನಿಸಿತು, ಸೂಜಿ ದಾಟಿದ ಮೇಲೆ ಬೈಯುವುದೇ ಸರಿ.

ಹೊಸ ಚಪ್ಪಲಿ:

ಚುಚ್ಚಿದ ಮೇಲಿನ ನೋವಿನ ಬಗ್ಗೆ ನಾನು ಹೇಳಲೇಬೇಕು. ಎರಡು ವರ್ಷದ ಹಿಂದೆ ನನ್ನ ಕಿವಿಯ ಮೇಲ್ಭಾಗಕ್ಕೆ ಒಂದು ಅಂಗಡಿಯಲ್ಲಿ ಗನ್‌ನಲ್ಲಿ ಹೊಡೆಸಿದ್ದೆ. ಮೊದಲ ಮೂರು ದಿನ ನೋವು ಕಡಿಮೆಯಾಗುತ್ತಾ ಬಂತು. ಐದನೇ ದಿನ ಮತ್ತೆ ಏರಲು ಶುರುವಾಯಿತು. ಕಿವಿಯ ಮೇಲಿನ ಅರ್ಧ ಕೆಂಪಾಗಿ, ಊದಿ, ಮುಟ್ಟಲು ಬಿಡುತ್ತಿರಲಿಲ್ಲ. ಕಿವಿಹಾಲೆ ಮಾತ್ರ ಮಾಮೂಲಿ ಹಾಗೇ ಇತ್ತು. "ಹೊಸದು, ನೋಯುತ್ತೆ ಬಿಡು" ಅಂತ ಎಲ್ಲರೂ ಅಂದರು, ನಾನೂ ಮಾತ್ರೆ ನುಂಗಿ ಸುಮ್ಮನಿದ್ದೆ. ಏಳನೇ ದಿನ ಜ್ವರ. ಮೆದು ಮೂಳೆಯ ಪೊರೆಗೇ ಸೋಂಕು ತಗುಲಿದೆ ಅಂದರು ಡಾಕ್ಟರು. ಸೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ. ಕೀವು ತೆಗೆಯಬೇಕಾಯಿತು. ಈಗಲೂ ಆ ಅಂಚು ಸ್ವಲ್ಪ ಮಡಿಚಿದ ಹಾಗೆ ಕಾಣುತ್ತದೆ.

ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿದು ಮತ್ತೆ ಏರಿದರೆ ಸಹಿಸಿಕೊಳ್ಳುತ್ತಾ ಕೂರಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ನಾನು ಎರಡು ದಿನ ಕಳೆದುಕೊಂಡೆ.

ನೈಟ್‌ಶಿಫ್ಟ್:

ಹೊಸ ಚಪ್ಪಲಿ, ಇದನ್ನು ಬರೆದದ್ದಕ್ಕೆ ನಿಮಗೆ ತುಂಬಾ ಥ್ಯಾಂಕ್ಸ್. ಕಿವಿಯ ಮೇಲ್ಭಾಗ ಕೆಂಪು, ಹಾಲೆ ಸರಿ ಇದೆ ಅನ್ನುವುದು ಡಾಕ್ಟರೂ ಗಮನಿಸುವ ಗುರುತು. ಹಾಲೆಯಲ್ಲಿ ಮೆದು ಮೂಳೆ ಇಲ್ಲ, ಅದಕ್ಕೆ ಅದು ತಪ್ಪಿಸಿಕೊಳ್ಳುತ್ತದೆ. ಸೋಂಕು ಅನಿಸಿದಾಗ ಓಲೆಯನ್ನು ನೀವೇ ಕಿತ್ತುಹಾಕಬೇಡಿ. ತೂತು ಮುಚ್ಚಿಕೊಂಡು ಕೀವು ಒಳಗೇ ಉಳಿಯಬಹುದು. ತೆಗೆಯಬೇಕೋ ಬೇಡವೋ ಡಾಕ್ಟರು ಹೇಳಲಿ.

ಶುಚಿ ಮಾಡಲು 0.9 ಶೇಕಡಾ ಉಪ್ಪಿನ ಸ್ಟೆರೈಲ್ ಸಲೈನ್ ಸ್ಪ್ರೇ ಸಾಕು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಉರಿಯುವುದಷ್ಟೇ ಅಲ್ಲ, ಹುಟ್ಟುತ್ತಿರುವ ಹೊಸ ಚರ್ಮವೂ ಸುಟ್ಟುಹೋಗುತ್ತದೆ.

ಇಬ್ಬನಿ:

ಮಲಗುವ ವಿಷಯ ಯಾರೂ ಹೇಳಲಿಲ್ಲ. ನನಗೆ ಹೊಕ್ಕುಳಿನ ಜೊತೆಗೆ ಕಿವಿಯಲ್ಲೂ ಒಂದಿದೆ. ಅದನ್ನು ಅದುಮಿಕೊಂಡು ಮಲಗಿದ ರಾತ್ರಿಯ ಮಾರನೇ ದಿನದ ನೋವು ಚುಚ್ಚಿದ ದಿನಕ್ಕಿಂತ ಜಾಸ್ತಿ ಇತ್ತು. ಪ್ರಯಾಣದಲ್ಲಿ ಕುತ್ತಿಗೆಗೆ ಹಾಕಿಕೊಳ್ಳುವ ದಿಂಬಿದೆಯಲ್ಲ, ಅದನ್ನು ಹಾಸಿಗೆಯ ಮೇಲಿಟ್ಟು ಕಿವಿ ಅದರ ನಡುವಿನ ಖಾಲಿ ಜಾಗಕ್ಕೆ ಬರುವ ಹಾಗೆ ಮಲಗಿದೆ. ಮೂರು ತಿಂಗಳು ಹಾಗೇ. ಸ್ನಾನದ ಟವೆಲ್‌ನ ಎಳೆ ಕೂಡ ಶತ್ರು. ಕಿವಿ ಒರೆಸಲು ಹತ್ತಿ ಬಟ್ಟೆಯೂ ಬೇಡ, ಹೇರ್ ಡ್ರೈಯರ್‌ನ ತಣ್ಣನೆ ಗಾಳಿ ಸಾಕು.

ಮುಂಗುರುಳು:

ಚುಚ್ಚಿಸಿದೆ. ಇವತ್ತಿಗೆ ಮೂರು ವಾರ.

ಹೇಗಾಯಿತು ಅಂತ ಹೇಳುತ್ತೇನೆ. ದಿನದ ಮೊದಲ ಹೊತ್ತು ತೆಗೆದುಕೊಂಡೆ. ಒಳಗೆ ಹೋಗಿ ಮೊದಲು ಹೇಳಿದ್ದೇ ಗನ್ ಕಥೆ. ಅವರು ಸೂಜಿಯ ಪ್ಯಾಕೆಟ್ ತೋರಿಸಿದರು, ನನ್ನ ಎದುರೇ ಹರಿದರು. ಎಡಮಗ್ಗುಲಿಗೆ ಮಲಗಿಸಿದರು. ಗುರುತು ಹಾಕಿ ಕನ್ನಡಿ ಕೊಟ್ಟರು, ನಾನು ಎರಡು ಮಿಲಿಮೀಟರ್ ಕೆಳಗೆ ಅಂದೆ, ಮತ್ತೆ ಹಾಕಿದರು. ಅಷ್ಟರಲ್ಲಿ ಅಂಗೈ ತಣ್ಣಗಾಗಿ ಮೇಲ್ತುಟಿಯ ಮೇಲೆ ಬೆವರು ಬಂತು. ಅವತ್ತು ಬೀಳುವ ಮುಂಚೆ ಆದದ್ದೂ ಇದೇ ಅಂತ ತಕ್ಷಣ ಗುರುತು ಸಿಕ್ಕಿತು. "ಒಂದು ನಿಮಿಷ" ಅಂದೆ. ತೊಡೆ, ಹೊಟ್ಟೆ, ಕೈ ಬಿಗಿ ಹಿಡಿದೆ. ಬಿಟ್ಟೆ. ನಾಲ್ಕು ಸಲ. ಅವರು ಏನೂ ಅವಸರ ಮಾಡಲಿಲ್ಲ, ಗ್ಲೌಸ್ ಹಾಕಿದ ಕೈ ಮೇಲೆತ್ತಿ ಹಿಡಿದು ಕಾಯುತ್ತಿದ್ದರು. ಬೆವರು ನಿಂತಿತು.

ಮೂರನೇ ಉಸಿರು ಬಿಡುವಾಗ ಚುಚ್ಚಿದರು. 'ಕರಕ್' ಕೇಳಿಸಿತು. ಚುರುಕು ಜೋರಾಗಿಯೇ ಇತ್ತು, ಕಣ್ಣಂಚಲ್ಲಿ ನೀರು ಬಂತು. ಆದರೆ ಆ ಉಸಿರು ಪೂರ್ತಿ ಹೊರಗೆ ಹೋಗುವ ಮುಂಚೆಯೇ ಅದು ಮುಗಿದುಹೋಗಿತ್ತು. ಓಲೆ ಕೂರಿಸುವಾಗಿನ ಎಳೆತ ಇನ್ನೂ ಸ್ವಲ್ಪ ಉದ್ದ ಅನಿಸಿತು. ಹತ್ತು ನಿಮಿಷ ಮಲಗಿಯೇ ಇದ್ದೆ, ಸಿಹಿಯಾದದ್ದೇನೋ ಕುಡಿಯಲು ಕೊಟ್ಟರು. ಬೀಳಲಿಲ್ಲ. ಹೊರಗೆ ಬಂದು ಅತ್ತೆ. ನೋವಿಗಲ್ಲ.

ಈಗ ಒಂದು ಸಮಸ್ಯೆ. ಎರಡು ದಿನದಿಂದ ತೂತಿನ ಪಕ್ಕ ಸಣ್ಣ ಗುಳ್ಳೆ ಎದ್ದಿದೆ. ಮುಟ್ಟಿದರೆ ನೋವು. ಕೀವಿಲ್ಲ, ಜ್ವರ ಇಲ್ಲ, ಕಿವಿ ಬಿಸಿಯೂ ಇಲ್ಲ. ಕೂದಲು ಕಡ್ಡಿಗೆ ಆಗಾಗ ಸಿಕ್ಕಿಕೊಳ್ಳುತ್ತಿದೆ.

ತಿರುಪು:

ನೀವು ಬೀಳಲಿಲ್ಲ ಅಂತ ಓದಿ ಖುಷಿಯಾಯಿತು, ಮುಂಗುರುಳು. ಆ ಕೈ ಎತ್ತಿ ಹಿಡಿದು ಕಾದರಲ್ಲ, ಅವರನ್ನು ಬಿಡಬೇಡಿ, ಮುಂದಕ್ಕೂ ಅವರ ಹತ್ತಿರವೇ ಹೋಗಿ.

ನೀವು ಹೇಳಿದ ಲಕ್ಷಣ ನೋಡಿದರೆ ಒತ್ತಡಕ್ಕೆ ಏಳುವ ಗುಳ್ಳೆ ಇರಬಹುದು, ಅವರಿಗೆ ಒಮ್ಮೆ ತೋರಿಸಿ. ಮೊದಲ ವಾರಗಳ ಊತಕ್ಕೆ ಜಾಗ ಇರಲಿ ಅಂತ ನಾವು ಉದ್ದದ ಕಡ್ಡಿ ಹಾಕುತ್ತೇವೆ, ಹೆಲಿಕ್ಸ್‌ಗೆ 8 ಮಿಲಿಮೀಟರ್ ಮಾಮೂಲಿ. ಊತ ಇಳಿದ ಮೇಲೆ ಅದು ಸಡಿಲವಾಗಿ ಅತ್ತಿತ್ತ ಓಲಾಡುತ್ತದೆ, ಕೂದಲಿಗೆ ಸಿಕ್ಕಿ ವಾಲುತ್ತದೆ. ಗುಳ್ಳೆ ಅದರಿಂದಲೇ. ಊತ ಪೂರ್ತಿ ಇಳಿದಿದ್ದರೆ ಗಿಡ್ಡ ಕಡ್ಡಿ ಹಾಕುತ್ತಾರೆ, ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರದ ಹೊತ್ತಿಗೆ. ಗುಳ್ಳೆಗೆ ಎಣ್ಣೆ, ಮಾತ್ರೆ ಪುಡಿ, ಏನನ್ನೂ ಹಚ್ಚಬೇಡಿ. ಅಲ್ಲಿಯವರೆಗೆ ಕೂದಲು ಕಟ್ಟಿಕೊಳ್ಳಿ.

ಮುಂಗುರುಳು:

ತಿರುಪು ಅಣ್ಣ, ಆರನೇ ವಾರ ಹೋಗಿ ಬಂದೆ. 6 ಮಿಲಿಮೀಟರ್ ಕಡ್ಡಿ ಹಾಕಿದರು. ತೆಗೆದು ಹಾಕುವಾಗ ಮತ್ತೆ ಚುಚ್ಚಿದಷ್ಟೇ ನೋಯುತ್ತದೆ ಅಂತ ಹೆದರಿದ್ದೆ, ಸಣ್ಣ ಎಳೆತ ಅಷ್ಟೇ. ಗುಳ್ಳೆ ಒಂಬತ್ತು ದಿನಕ್ಕೆ ಇಳಿಯಿತು. ರಿಂಗ್ ಯಾವಾಗ ಅಂತ ಕೇಳಿದೆ, ಆರು ತಿಂಗಳಾದ ಮೇಲೆ ಬನ್ನಿ ನೋಡೋಣ, ವರ್ಷವೂ ಆಗಬಹುದು ಅಂದರು. ಕಾಯುತ್ತೇನೆ.

ಕಿಟಕಿ ಪಕ್ಕ:

ಮುಂಗುರುಳು, ಇಬ್ಬನಿ ಹೇಳಿದ ಆ ಕುತ್ತಿಗೆ ದಿಂಬು ನೀನು ಎಷ್ಟು ಎತ್ತರದ್ದು ತೆಗೆದುಕೊಂಡೆಯಮ್ಮ? ನನಗೂ ಒಂದು ಹೆಲಿಕ್ಸ್ ಮಾಡಿಸುವ ಮನಸ್ಸಾಗಿದೆ. ಕುತ್ತಿಗೆ ನೋಯುವ ವಯಸ್ಸು ನನ್ನದು.

ಮುಂಗುರುಳು:

ಅಮ್ಮ, ಎತ್ತರದ್ದು ಬೇಡ. ಅಂಗೈ ಅಗಲದಷ್ಟು ಎತ್ತರ ಇದ್ದರೆ ಸಾಕು, ಅದರ ಕೆಳಗೆ ನಿಮ್ಮ ಮಾಮೂಲಿ ದಿಂಬು ತೆಳ್ಳಗಿನದ್ದು ಇಡಿ. ಕುತ್ತಿಗೆ ದಿಂಬಿನ ತೆರೆದ ಬದಿ ನಿಮ್ಮ ಕುತ್ತಿಗೆಯ ಕಡೆ ಬರಲಿ. ಚುಚ್ಚಿಸುವ ಮುಂಚೆಯೇ ಎರಡು ರಾತ್ರಿ ಮಲಗಿ ನೋಡಿ.